ಬೆತ್ತವಿಲ್ಲದ ತರಗತಿ: ಹೊಸ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಇಂಡಿ ತಾಲೂಕಿನ ಲಂಬಾಣಿ ತಾಂಡಾದ ಶಾಲೆಯೊಂದರಲ್ಲಿ ನಾಲ್ಕು ವರ್ಷ, ಆಮೇಲೆ ಹುನಗುಂದ, ಇಳಕಲ್ಲ ಭಾಗದ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೇನೆ. ಕ್ಲಸ್ಟರ್ ಸಮಾಲೋಚನಾ ಸಭೆಯ ಚಹಾದ ಹೊತ್ತಿನಲ್ಲಿ, ಬೆಳಗಿನ ಬಸ್ಸಿನಲ್ಲಿ, ರಾತ್ರಿ ಒಂಬತ್ತರ ಮೇಲೆ ಬರುವ ವಾಟ್ಸಾಪ್ ಧ್ವನಿ ಸಂದೇಶಗಳಲ್ಲಿ ಹೊಸಬರು ಕೇಳಿದ್ದನ್ನು ಇಲ್ಲಿ ಒಂದೆಡೆ ಹಾಕಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ. ಉತ್ತರಗಳು ನನ್ನವು, ಹಾಗಾಗಿ ಜಗಳಕ್ಕೆ ಬಾಗಿಲು ತೆರೆದಿದೆ.

## ಮೊದಲ ದಿನಗಳು

ನಾಳೆ ಹಾಜರಾಗುತ್ತಿದ್ದೇನೆ. ಮೊದಲ ದಿನ ಯಾವ ಪಾಠ ಮಾಡಲಿ?

ಹೆಸರಿನ ಪಾಠ. ಮುಖ್ಯೋಪಾಧ್ಯಾಯರಿಂದ ಹಾಜರಿ ಪುಸ್ತಕ ಪಡೆದು ಗಂಟೆ ಹೊಡೆಯುವ ಮೊದಲೇ ಎರಡು ಸಲ ಓದಿಕೊಳ್ಳಿ. ನಮ್ಮ ಕಡೆ ಒಂದೇ ತರಗತಿಯಲ್ಲಿ ಮೂವರು ಬಸವರಾಜರು, ಇಬ್ಬರು ಭಾಗ್ಯಶ್ರೀಯರು ಇರುವುದು ಹೊಸತೇನಲ್ಲ. ಮಕ್ಕಳು ಅವರನ್ನು ಅಡ್ಡಹೆಸರಿನಿಂದ ಬೇರೆ ಮಾಡಿಕೊಂಡಿರುತ್ತಾರೆ. ಆ ಹೆಸರುಗಳು ನಿಮ್ಮ ಬಾಯಲ್ಲಿ ಬರಬಾರದು. ಮನೆತನದ ಹೆಸರು ಹಿಡಿದು ಕರೆಯುವುದೂ ಬೇಡ. ಬಡಿಗೇರ, ಕುಂಬಾರ ಎಂದ ಕೂಡಲೇ ಜಾತಿ ಬಂದು ಮಗುವಿನ ಪಕ್ಕ ಕೂರುತ್ತದೆ. ತಂದೆ ಅಥವಾ ತಾಯಿಯ ಹೆಸರಿನ ಮೊದಲಕ್ಷರ ಸೇರಿಸಿ ಕರೆದರೆ ಸಾಕು.

ಉಳಿದ ಹೊತ್ತಿನಲ್ಲಿ ಒಳಗೆ ಬಂದು ಕೂರುವ ಬಗೆ, ಹೊರಗೆ ಹೋಗಲು ಅನುಮತಿ ಕೇಳುವ ಬಗೆ, ನೀವು ಕೈ ಎತ್ತಿದಾಗ ಮಾತು ನಿಲ್ಲಿಸುವ ಬಗೆ, ಈ ಮೂರನ್ನು ಅಭ್ಯಾಸ ಮಾಡಿಸಿ. ಬಾಯಲ್ಲಿ ಹೇಳಿಬಿಟ್ಟರೆ ಅಭ್ಯಾಸವಾಗುವುದಿಲ್ಲ. ಹೊರಗೆ ಕಳಿಸಿ, ಮತ್ತೆ ಒಳಗೆ ಕರೆದು, ತಪ್ಪಿದರೆ ಇನ್ನೊಮ್ಮೆ ಕಳಿಸಿ. ಮೂರನೇ ತರಗತಿಯವರಿಗೆ ಅದೇ ಆಟ. ಏಳನೆಯವರು ಗೊಣಗುತ್ತಾರೆ, ಗೊಣಗುತ್ತಲೇ ಕಲಿಯುತ್ತಾರೆ.

ಮೊದಲ ತಿಂಗಳು ನಗಲೇಬಾರದು, ಸದರ ಕೊಟ್ಟರೆ ತಲೆ ಮೇಲೆ ಕೂರುತ್ತಾರೆ ಎಂದು ಹಿರಿಯರು ಹೇಳುತ್ತಾರೆ. ನಿಜವೇ?

ನಗಿ. ಮಕ್ಕಳು ತಲೆ ಮೇಲೆ ಕೂರುವುದು ಸೋಮವಾರ ಹೇಳಿದ ನಿಯಮವನ್ನು ಗುರುವಾರ ನೀವೇ ಮರೆತಾಗ.

ಕೂಗಿ ಕೂಗಿ ಶುಕ್ರವಾರಕ್ಕೆ ಗಂಟಲು ಹೋಗುತ್ತದೆ. ಗದ್ದಲ ಮಾತ್ರ ಇಳಿಯುವುದಿಲ್ಲ. ಏನು ಮಾಡಲಿ?

ತಾಂಡಾ ಶಾಲೆಯಲ್ಲಿ ನನಗೂ ಹೀಗೇ ಆಗಿತ್ತು. ಒಂದೇ ಕೋಣೆ, ಮೂರು ತರಗತಿ, ನಲವತ್ತೆಂಟು ಮಕ್ಕಳು. ಡಸ್ಟರಿನಿಂದ ಮೇಜು ಬಡಿದು 'ಸುಮ್ಮನಿರಿ' ಎಂದು ಕೂಗುವುದೇ ನನ್ನ ಅರ್ಧ ದಿನದ ಉದ್ಯೋಗ. ಒಂದು ದಿನ ಊಟದ ವೇಳೆಯಲ್ಲಿ ಬಾಗಿಲ ಮರೆಯಿಂದ ನೋಡಿದೆ. ಮೂರನೇ ತರಗತಿಯ ಹುಡುಗಿಯೊಬ್ಬಳು ನನ್ನ ಕುರ್ಚಿಯ ಪಕ್ಕ ನಿಂತು 'ಅಕ್ಕೋರ ಆಟ' (ಅಕ್ಕೋರು ಎಂದರೆ ನಮ್ಮ ಕಡೆ ಶಿಕ್ಷಕಿ) ಆಡುತ್ತಿದ್ದಳು. ಡಸ್ಟರು ಬಡಿಯುತ್ತಿದ್ದಳು, ಕೂಗುತ್ತಿದ್ದಳು, ಸೆರಗು ಸರಿಪಡಿಸಿಕೊಂಡು ಮತ್ತೆ ಬಡಿಯುತ್ತಿದ್ದಳು. ಆ ಆಟದಲ್ಲಿ ಒಂದಕ್ಷರದ ಪಾಠವೂ ಇರಲಿಲ್ಲ. ನಾನು ಏನು ಕಲಿಸುತ್ತಿದ್ದೇನೆ ಎಂಬುದಕ್ಕೆ ಅದಕ್ಕಿಂತ ನೇರವಾದ ವರದಿಯನ್ನು ಯಾವ ಅಧಿಕಾರಿಯೂ ಬರೆದಿಲ್ಲ.

ಮರುದಿನದಿಂದ ಗದ್ದಲ ಯಾವಾಗ ಏಳುತ್ತದೆ ಎಂದು ಗುರುತು ಹಾಕಿಕೊಳ್ಳತೊಡಗಿದೆ. ಪಾಠದ ನಡುವೆ ಏಳುತ್ತಿರಲಿಲ್ಲ. ಹಾಜರಿ ಕೂಗುವಾಗ, ಪಟ್ಟಿ (ನೋಟುಬುಕ್ಕು) ಹಂಚುವಾಗ, ನಾನು ಬೆನ್ನು ತಿರುಗಿಸಿ ಹಲಗೆ ತುಂಬುವಾಗ, ಲೆಕ್ಕ ಮುಗಿಸಿದವರು ಉಳಿದವರಿಗಾಗಿ ಕಾಯುವಾಗ ಏಳುತ್ತಿತ್ತು. ಅಂದರೆ ಮಕ್ಕಳ ಕೈಯಲ್ಲಿ ಕೆಲಸವಿಲ್ಲದ ಹೊತ್ತೆಲ್ಲ ಗದ್ದಲದ ಹೊತ್ತು, ಮತ್ತು ಆ ಹೊತ್ತನ್ನು ಮಾಡಿಕೊಡುತ್ತಿದ್ದವಳು ನಾನೇ.

ಈಗ ಮಕ್ಕಳು ಒಳಗೆ ಬರುವ ಮೊದಲೇ ಹಲಗೆಯ ಎಡಮೂಲೆಯಲ್ಲಿ ಕೆಲಸ ಬರೆದಿರುತ್ತೇನೆ: ನಿನ್ನೆಯ ಪಾಠದ ಎರಡು ಪ್ರಶ್ನೆ, ಒಂದು ಲೆಕ್ಕ. ಅವರು ಅದನ್ನು ಮಾಡುವಾಗ ಹಾಜರಿ ಮುಗಿಯುತ್ತದೆ. ಪಟ್ಟಿಯನ್ನು ಸಾಲಿಗೊಬ್ಬರು ಹಂಚುತ್ತಾರೆ. ಬೇಗ ಮುಗಿಸಿದವರಿಗೆ ಕಿಟಕಿಯ ಬಳಿ ಓದುವ ಪುಸ್ತಕಗಳ ಡಬ್ಬಿ ಇದೆ. ಹಲಗೆಯ ಮೇಲೆ ಒಂದೇ ಉಸಿರಿಗೆ ಹತ್ತು ಸಾಲು ಬರೆಯುವುದನ್ನು ಬಿಟ್ಟೆ. ಎರಡು ಸಾಲು ಬರೆದು ತಿರುಗುತ್ತೇನೆ.

ನಲಿ-ಕಲಿಯಲ್ಲಿ ಗದ್ದಲ ಇದ್ದೇ ಇರುತ್ತದೆ ಎನ್ನುತ್ತಾರೆ. ಎಷ್ಟು ಗದ್ದಲ ಸರಿ?

ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಯ ಮಾದರಿ ನೋಡಿ ಬಂದು ಕಟ್ಟಿದ ಪದ್ಧತಿ. 2009-10ರಿಂದ ಇಡೀ ರಾಜ್ಯಕ್ಕೆ ಬಂತು. 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಲಿಕಾ ಏಣಿಯಲ್ಲಿ (ಕಲಿಕೆಯ ಹಂತಗಳ ಪಟದಲ್ಲಿ) ತಾವಿರುವ ಮೈಲಿಗಲ್ಲಿಗೆ ತಕ್ಕ ಕಾರ್ಡು ಎತ್ತಿಕೊಂಡು, ತಮ್ಮ ತಟ್ಟೆಗೆ (ನಲಿ-ಕಲಿಯಲ್ಲಿ ಗುಂಪಿಗೆ ಇರುವ ಹೆಸರು) ಹೋಗಿ ಕೂರುವ ಕಡೆ ಪಿನ್ನು ಬಿದ್ದ ಸದ್ದು ಕೇಳಬೇಕೆಂದರೆ ಆಗದು. ನಾನು ಸದ್ದಿನ ಎತ್ತರ ನೋಡುವುದಿಲ್ಲ. ಯಾವುದಾದರೂ ಮಗುವಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು 'ಈಗ ಏನು ಮಾಡುತ್ತಿದ್ದೀಯ?' ಎಂದು ಕೇಳುತ್ತೇನೆ. ಕಾರ್ಡು ತೋರಿಸಿ ಹೇಳಿದರೆ ಗದ್ದಲ ಒಳ್ಳೆಯದು. ಮುಖ ಮುಖ ನೋಡಿದರೆ ಆ ತಟ್ಟೆಯಲ್ಲಿ ಇನ್ನೈದು ನಿಮಿಷಕ್ಕೆ ಜಗಳ ಖಚಿತ.

## ಪಾಠ ನಡೆಯುವಾಗ

'ತಿಳಿಯಿತೇ?' ಎಂದರೆ ಎಲ್ಲರೂ 'ಹೌದು ಟೀಚರ್' ಎನ್ನುತ್ತಾರೆ. ಪರೀಕ್ಷೆಯಲ್ಲಿ ನೋಡಿದರೆ ಏನೂ ಬಂದಿಲ್ಲ. ಯಾಕೆ ಹೀಗೆ?

'ಹೌದು ಟೀಚರ್' ಎಂಬುದು ಉತ್ತರವೇ ಅಲ್ಲ, ನಮಸ್ಕಾರದ ಹಾಗೆ ಒಂದು ರೂಢಿ. ಆ ಪ್ರಶ್ನೆಯನ್ನೇ ಬಿಟ್ಟುಬಿಡಿ. ಪಾಟಿ (ಸ್ಲೇಟು) ತೆಗೆಸಿ, ಒಂದು ಲೆಕ್ಕ ಕೊಟ್ಟು, ಎಲ್ಲರೂ ಒಟ್ಟಿಗೆ ಎತ್ತಿ ತೋರಿಸಲಿ. ಮೂವತ್ತು ಉತ್ತರ ಒಂದೇ ನೋಟಕ್ಕೆ ಸಿಗುತ್ತವೆ.

ಕಳೆದ ವರ್ಷ ಮೂರನೇ ತರಗತಿಗೆ 42ರಿಂದ 17 ಕಳೆಯಲು ಕೊಟ್ಟಿದ್ದೆ. ಹನ್ನೊಂದು ಪಾಟಿಗಳಲ್ಲಿ 35 ಇತ್ತು. ಹನ್ನೊಂದು ಮಕ್ಕಳು ಒಂದೇ ತಪ್ಪು ಉತ್ತರ ಬರೆದರೆ ಅದು ಅಲಕ್ಷ್ಯವಲ್ಲ, ಅದರ ಹಿಂದೆ ಒಂದು ನಿಯಮವಿದೆ. ಒಬ್ಬಳನ್ನು ಕರೆದು 'ಹೇಗೆ ಮಾಡಿದೆ, ನನಗೂ ಹೇಳಿಕೊಡು' ಎಂದೆ. ಅವಳು ವಿವರಿಸಿದಳು: ಎರಡರಲ್ಲಿ ಏಳು ಹೋಗುವುದಿಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದೆ, ಐದು, ನಾಲ್ಕರಲ್ಲಿ ಒಂದು ಕಳೆದೆ, ಮೂರು. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ಎರಡನೇ ತರಗತಿಯಲ್ಲಿ ನಾವೇ ಹೇಳಿದ್ದೆವು. ಅವಳು ಅದನ್ನು ನಿಷ್ಠೆಯಿಂದ ಪಾಲಿಸಿದ್ದಳು.

ಇದಕ್ಕೆ 'ದಶಕ ತೆಗೆದುಕೋ' ಎಂದು ಹತ್ತು ಸಲ ಹೇಳಿದರೂ ಪ್ರಯೋಜನವಿಲ್ಲ. ಹಿಂಗಾರಿ ಜೋಳದ ನಾಡು ನಮ್ಮದು, ದಂಟಿಗೆ ಬರವಿಲ್ಲ. ಸಣ್ಣ ಕಡ್ಡಿಗಳನ್ನು ಹತ್ತತ್ತರಂತೆ ಕಟ್ಟಿಸಿ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟೆ. ಹದಿನೇಳು ಕಡ್ಡಿ ನನಗೆ ಕೊಡು ಎಂದೆ. ಒಂದು ಕಟ್ಟು ತಕ್ಷಣ ಕೊಟ್ಟಳು. ಏಳು ಬಿಡಿ ಕಡ್ಡಿಗೆ ಕೈ ನಿಂತಿತು. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಕೇಳದೆಯೇ ಇನ್ನೊಂದು ಕಟ್ಟಿನ ದಾರ ಬಿಚ್ಚಿದಳು. ಉಳಿದಿದ್ದನ್ನು ಎಣಿಸಿ 25 ಎಂದಳು, ಪಾಟಿಯ ಮೇಲಿನ 35 ಅನ್ನು ತಾನೇ ಉಗುಳು ಹಚ್ಚಿ ಒರೆಸಿದಳು. (ಉಗುಳು ಹಚ್ಚಬಾರದು ಎಂಬ ಪಾಠ ಮರುದಿನಕ್ಕೆ ಉಳಿಯಿತು.)

ಬಾಯಿಂದ ಪ್ರಶ್ನೆ ಕೇಳುವಾಗ ಕಾಯುವುದನ್ನು ಕಲಿಯಿರಿ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು ಕಂಡುಕೊಂಡರು. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರಿಸುವವರೂ ಹೆಚ್ಚಿದರು. ಪ್ರಶ್ನೆ ಮೊದಲು, ಆಮೇಲೆ ಕಾಯುವುದು, ಕೊನೆಗೆ ಹೆಸರು. ಹೆಸರು ಮೊದಲೇ ಹೇಳಿದರೆ ಉಳಿದವರು ಆ ಕ್ಷಣವೇ ರಜೆ ಹಾಕುತ್ತಾರೆ.

ಮನೆಯಲ್ಲಿ ಲಂಬಾಣಿ, ಮರಾಠಿ, ಉರ್ದು ಮಾತಾಡುವ ಮಕ್ಕಳು ಬಾಯಿಯೇ ಬಿಡುವುದಿಲ್ಲ. ಕನ್ನಡದಲ್ಲಿ ಪಾಠ ಹೇಗೆ ಮಾಡಲಿ?

ಅವರ ಮಾತಿನ ಐವತ್ತು ಶಬ್ದ ನೀವು ಕಲಿಯಿರಿ. ತಾಂಡಾದಲ್ಲಿ 'ಯಾಡಿ' ಎಂದರೆ ತಾಯಿ, 'ಪಾಣಿ' ಎಂದರೆ ನೀರು ಎಂಬಲ್ಲಿಂದ ನಾನು ಶುರುಮಾಡಿದೆ. ಅಕ್ಕೋರು ತಪ್ಪುತಪ್ಪಾಗಿ ಲಂಬಾಣಿ ಮಾತಾಡುವುದನ್ನು ಕೇಳಿ ನಕ್ಕ ಮಕ್ಕಳಿಗೆ ತಾವು ತಪ್ಪುತಪ್ಪಾಗಿ ಕನ್ನಡ ಮಾತಾಡುವ ಹೆದರಿಕೆ ಹೋಯಿತು. ಮೊದಲ ಕೆಲವು ತಿಂಗಳು ಮಗು ತನ್ನ ಭಾಷೆಯಲ್ಲಿ ಉತ್ತರಿಸಲಿ. ಎರಡೂ ಬಲ್ಲ ಮಗುವನ್ನು ಪಕ್ಕ ಕೂರಿಸಿ.

ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆಯ ಶಿಕ್ಷಕರಿಗೆ ಇನ್ನೊಂದು ಮಾತು. 25 ಬರೆಯಲು ಹೇಳಿದರೆ ಮಗು 52 ಬರೆಯುತ್ತದೆ ಎಂದು ಹಲವರು ದೂರುತ್ತಾರೆ. ಕನ್ನಡದ 'ಇಪ್ಪತ್ತೈದು' ಹತ್ತುಗಳನ್ನು ಮೊದಲು ಹೇಳುತ್ತದೆ. ಮರಾಠಿಯ 'ಪಂಚವೀಸ' ಐದನ್ನು ಮೊದಲು ಹೇಳುತ್ತದೆ. ಉರ್ದುವಿನ 'ಪಚ್ಚೀಸ್' ಕೂಡ ಹಾಗೇ. ಕೇಳಿದ ಕ್ರಮದಲ್ಲಿಯೇ ಬರೆಯುವ ಮಗು ದಡ್ಡನಲ್ಲ. ಕಡ್ಡಿ ಕಟ್ಟುಗಳನ್ನು ಮುಂದಿಟ್ಟು, ಎರಡೂ ಭಾಷೆಯಲ್ಲಿ ಹೇಳಿಸಿ, ಬರೆಯುವಾಗ ಕಟ್ಟು ಎಡಕ್ಕೆ ಎಂದು ತೋರಿಸಿದರೆ ಎರಡು ವಾರದ ಕೆಲಸ.

ಪುಸ್ತಕದಲ್ಲಿ 'ಈರುಳ್ಳಿ', 'ಮೊಟ್ಟೆ' ಇದೆ, ನಮ್ಮ ಮಕ್ಕಳು 'ಉಳ್ಳಾಗಡ್ಡಿ', 'ತತ್ತಿ' ಎನ್ನುತ್ತಾರೆ. ತಿದ್ದಬೇಕೇ?

ಮಾತಿನಲ್ಲಿ ತಿದ್ದಬೇಡಿ. ಹಲಗೆಯ ಮೇಲೆ ಎರಡನ್ನೂ ಅಕ್ಕಪಕ್ಕ ಬರೆಯಿರಿ: ಒಂದು ಮನೆಯದು, ಇನ್ನೊಂದು ಪುಸ್ತಕದ್ದು. ಐದನೇ ತರಗತಿಯ ಹೊತ್ತಿಗೆ ಬರವಣಿಗೆಯಲ್ಲಿ ಪುಸ್ತಕದ ರೂಪ ತಾನಾಗಿ ಬರುತ್ತದೆ. ಬಾಯಿ ತೆರೆದಾಗಲೆಲ್ಲ ತಿದ್ದಿಸಿಕೊಂಡ ಮಗು ಬಾಯಿ ತೆರೆಯುವುದನ್ನೇ ಬಿಡುತ್ತದೆ, ಆಮೇಲೆ ತಿದ್ದಲಿಕ್ಕೂ ಏನೂ ಉಳಿಯುವುದಿಲ್ಲ.

ಐದನೇ ತರಗತಿ, ಎಂಟು ಮಕ್ಕಳಿಗೆ ಓದಲು ಬರುವುದಿಲ್ಲ. ಪಾಠ ಮುಗಿಸಲೇ, ಅಕ್ಷರ ಕಲಿಸಲೇ?

ಎರಡೂ, ಆದರೆ ಬೇರೆ ಬೇರೆ ಹೊತ್ತಿನಲ್ಲಿ. ಮೊದಲು ಎಂಟು ಮಕ್ಕಳನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು ಎಲ್ಲಿ ಎಡವುತ್ತಾರೆ ನೋಡಿ. 'ಓದಲು ಬರುವುದಿಲ್ಲ' ಎಂಬುದು ಒಂದೇ ರೋಗವಲ್ಲ. ಕೆಲವರಿಗೆ ಮೂಲಾಕ್ಷರವೇ ಗಟ್ಟಿಯಿಲ್ಲ. ಕೆಲವರು ಕಾಗುಣಿತದಲ್ಲಿ ಕೊಂಬು, ದೀರ್ಘ ಕಂಡರೆ ನಿಲ್ಲುತ್ತಾರೆ. ಬಹಳ ಮಂದಿ ಒತ್ತಕ್ಷರದಲ್ಲಿ ಸಿಕ್ಕಿಹಾಕಿಕೊಂಡಿರುತ್ತಾರೆ. ಅವರಿಗೆ ಮತ್ತೆ 'ಅ ಆ ಇ ಈ' ತಿದ್ದಿಸುವುದು ಹೊತ್ತು ಹಾಳು.

ಮೂಲಾಕ್ಷರದವರಿಗೆ ನಲಿ-ಕಲಿಯ ಕ್ರಮವೇ ಒಳ್ಳೆಯದು. ರ, ಗ, ಸ, ದ, ಅ ಎಂಬ ಐದೇ ಅಕ್ಷರದಲ್ಲಿ ಸರ, ಅಗಸ, ಗರಗಸ ಓದಿಸಬಹುದು. ಹತ್ತು ವರ್ಷದ ಹುಡುಗನಿಗೆ ಮೊದಲ ದಿನವೇ ಒಂದು ಇಡೀ ಶಬ್ದ ಓದಿದ ಸಂತೋಷ ಸಿಗಬೇಕು. ವರ್ಣಮಾಲೆ ಪೂರ್ತಿಯಾಗುವವರೆಗೆ ಕಾಯಿಸಿದರೆ ಅವನು ಓಡಿಹೋಗುತ್ತಾನೆ. ಒತ್ತಕ್ಷರದವರಿಗೆ ಅವರು ಬಾಯಲ್ಲಿ ಬಲ್ಲ ಶಬ್ದಗಳು ಸಾಕು: ಅಜ್ಜ, ಅಕ್ಕ, ರೊಟ್ಟಿ, ಬೆಲ್ಲ, ಎತ್ತು. ದಿನಕ್ಕೆ ಇಪ್ಪತ್ತು ನಿಮಿಷ, ಒಂದು ದಿನವೂ ತಪ್ಪಿಸದೆ. ಅವರನ್ನು 'ಹಿಂದುಳಿದವರ ಸಾಲು' ಎಂದು ಪ್ರತ್ಯೇಕ ಕೂರಿಸಬೇಡಿ. ತಿಂಗಳುಗಟ್ಟಲೆ ದುಡಿದ ಮೇಲೂ ಅಕ್ಷರ ಅದಲುಬದಲಾಗುತ್ತಲೇ ಇದ್ದರೆ ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗುವ, ಬ್ಲಾಕ್ ಮಟ್ಟದ ಬಿಐಇಆರ್‌ಟಿ ಶಿಕ್ಷಕರಿಗೆ ತೋರಿಸಿ. ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸೇರಿದೆ.

ಊಟವಾದ ಮೇಲಿನ ಅವಧಿಯಲ್ಲಿ ಅರ್ಧ ತರಗತಿ ತೂಕಡಿಸುತ್ತದೆ.

ಮಾರ್ಚಿನಲ್ಲಿ ತಗಡಿನ ಚಾವಣಿಯ ಕೆಳಗೆ ನೀವೂ ತೂಕಡಿಸುತ್ತೀರಿ. ಆ ಅವಧಿಗೆ ಉಪನ್ಯಾಸ ಇಡಬೇಡಿ. ಅಳತೆ, ನಕ್ಷೆ, ಮಗ್ಗಿಯ ಆಟ, ಬೇವಿನ ಮರದ ನೆರಳಿನಲ್ಲಿ ಗುಂಪು ಓದು ಇಡಿ. ವೇಳಾಪಟ್ಟಿ ಬದಲಿಸಲು ಮುಖ್ಯೋಪಾಧ್ಯಾಯರನ್ನು ಒಂದು ಮಾತು ಕೇಳಿದರೆ ಸಾಕು, ಸಾಮಾನ್ಯವಾಗಿ ಒಪ್ಪುತ್ತಾರೆ.

## ಶಿಸ್ತಿನ ಪ್ರಶ್ನೆಗಳು

ಪಾಲಕರೇ ಬಂದು 'ಎರಡು ಬಾರಿಸಿ, ಬುದ್ಧಿ ಬರಲಿ' ಎನ್ನುತ್ತಾರೆ. ಅವರೇ ಒಪ್ಪಿದ ಮೇಲೆ ತಪ್ಪೇನು?

ಪಾಲಕರ ಒಪ್ಪಿಗೆಗೆ ಇಲ್ಲಿ ಬೆಲೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ; ಉಲ್ಲಂಘಿಸಿದವರ ಮೇಲೆ ಸೇವಾ ನಿಯಮದಂತೆ ಶಿಸ್ತು ಕ್ರಮವಾಗುತ್ತದೆ. 'ಮಾನಸಿಕ ಕಿರುಕುಳ' ಎಂಬುದನ್ನು ಎರಡು ಸಲ ಓದಿ. ಬೆತ್ತ ಬಿಟ್ಟವರು ಹಲವರು ನಾಲಿಗೆಯನ್ನು ಬೆತ್ತ ಮಾಡಿಕೊಂಡಿದ್ದಾರೆ. 'ನಿನ್ನ ಅಪ್ಪನೂ ಹೀಗೇ ಇದ್ದ' ಎಂಬ ಮಾತಿನ ಬಾಸುಂಡೆ ಯಾರಿಗೂ ಕಾಣುವುದಿಲ್ಲ, ಅಷ್ಟೇ.

ಪಾಲಕರಿಗೆ ಕಾನೂನು ಹೇಳಲು ಹೋಗಬೇಡಿ. 'ಅಣ್ಣಾರೆ, ಹೊಡೆದರೆ ನಾಳೆ ಶಾಲೆಗೇ ಬರುವುದಿಲ್ಲ, ಆಮೇಲೆ ನೀವೂ ನಾನೂ ಇಬ್ಬರೂ ಹುಡುಕಬೇಕು' ಎಂದರೆ ಅವರಿಗೆ ತಿಳಿಯುತ್ತದೆ. ದಿನವೂ ಮನೆಯಲ್ಲಿ ಪಟ್ಟಿ ತೆರೆದು ನೋಡುವ ಒಂದು ಸಣ್ಣ ಕೆಲಸ ಅವರಿಗೂ ಕೊಡಿ. ಓದಲು ಬಾರದವರು ಪುಟ ಎಣಿಸಲಿ.

ಹಾಗಾದರೆ ತಪ್ಪು ಮಾಡಿದವನನ್ನು ಸುಮ್ಮನೆ ಬಿಡಬೇಕೇ?

ಬಿಡಬಾರದು. ಕೆಡಿಸಿದ್ದನ್ನು ಅವನೇ ಸರಿಮಾಡಲಿ. ಗೋಡೆಗೆ ಶಾಯಿ ಚೆಲ್ಲಿದವನು ಬಿಡುವಿನಲ್ಲಿ ಸುಣ್ಣ ಹಚ್ಚಲಿ. ಗೆಳತಿಯ ಪಟ್ಟಿ ಹರಿದವಳು ಆ ಪುಟಗಳನ್ನು ಬರೆದುಕೊಡಲಿ. ತಪ್ಪಿಗೂ ಪರಿಹಾರಕ್ಕೂ ನಂಟಿರಬೇಕು. ಮಾತಾಡಿದ್ದಕ್ಕೆ ನೂರು ಸಲ ಮಗ್ಗಿ ಬರೆಸಿದರೆ ಮಗು ಮಗ್ಗಿಯನ್ನು ದ್ವೇಷಿಸಲು ಕಲಿಯುತ್ತದೆ. ಬೈಯುವುದಿದ್ದರೆ ಪಕ್ಕಕ್ಕೆ ಕರೆದು ಬೈಯಿರಿ. ಆರನೇ ತರಗತಿಯ ಹುಡುಗನಿಗೆ ನಿಮ್ಮ ಸಿಟ್ಟಿಗಿಂತ ಗೆಳೆಯರ ಮುಂದೆ ಮುಖ ಉಳಿಸಿಕೊಳ್ಳುವುದು ದೊಡ್ಡದು, ಅದಕ್ಕಾಗಿ ಅವನು ಎದುರು ಮಾತಾಡಿಯೇ ತೀರುತ್ತಾನೆ.

ಒಬ್ಬನೇ ಹುಡುಗ ಇಡೀ ತರಗತಿ ಕೆಡಿಸುತ್ತಾನೆ. ಎಲ್ಲ ಮಾಡಿ ನೋಡಿದೆ. ಇನ್ನೇನು ಉಳಿದಿದೆ?

ಬರೆದುಕೊಳ್ಳುವುದು ಉಳಿದಿದೆ. ಹತ್ತು ದಿನ, ಅವನು ಗಲಾಟೆ ಮಾಡಿದ ಹೊತ್ತು, ಅದಕ್ಕೆ ಮೊದಲು ಏನು ನಡೆಯಿತು, ಆಮೇಲೆ ಅವನಿಗೆ ಏನು ಸಿಕ್ಕಿತು, ಇಷ್ಟನ್ನು ಒಂದೊಂದು ಸಾಲು ಬರೆಯಿರಿ.

ಇಳಕಲ್ಲ ಹತ್ತಿರದ ಶಾಲೆಯಲ್ಲಿ ಆರನೇ ತರಗತಿಯ ಒಬ್ಬ ಹುಡುಗ ಪಕ್ಕದವರನ್ನು ಚುಚ್ಚುವುದು, ಕಾಲು ಚಾಚಿ ಬೀಳಿಸುವುದು ಮಾಡುತ್ತಿದ್ದ. ಬರೆದ ಸಾಲುಗಳನ್ನು ನೋಡಿದರೆ ಗಲಾಟೆ ಎಲ್ಲವೂ ಬೆಳಗ್ಗೆ ಹನ್ನೊಂದರಿಂದ ಹನ್ನೆರಡರ ಒಳಗೆ, ಅದೂ ಸುಮ್ಮನೆ ಕೂತು ಕೇಳುವ ಪಾಠದಲ್ಲಿ. ಭಾನುವಾರ ಮನೆಗೆ ಹೋದೆ. ಮಗ್ಗದ ಮನೆ. ರಾತ್ರಿ ಹನ್ನೊಂದರವರೆಗೆ ಕಂಡಿಕೆ (ನೇಯ್ಗೆಯ ನೂಲಿನ ಉರುಳೆ) ಸುತ್ತುವುದು ಅವನ ಪಾಲಿನ ಕೆಲಸ. ನಿದ್ದೆ ತಡೆಯಲು ಅವನು ಕಂಡುಕೊಂಡ ಉಪಾಯ ಪಕ್ಕದವನನ್ನು ಚುಚ್ಚುವುದು! ಅವನ ತಾಯಿ ಎಂಟೂವರೆಗೆ ಅವನ ಕೈಯಿಂದ ಕೆಲಸ ಬಿಡಿಸಲು ಒಪ್ಪಿದಳು, ವಾರಕ್ಕೆ ನಾಲ್ಕು ದಿನವಾದರೂ ಮಾತು ಉಳಿಸಿಕೊಂಡಳು. ನಾನು ಹನ್ನೊಂದು ಗಂಟೆಯ ಪಾಠದಲ್ಲಿ ಹಲಗೆ ಒರೆಸುವ, ನಕ್ಷೆ ಹಿಡಿಯುವ ಕೆಲಸ ಅವನಿಗೆ ಕೊಟ್ಟೆ. ಪೂರ್ತಿ ಸುಧಾರಿಸಿದ ಎಂದರೆ ಸುಳ್ಳಾಗುತ್ತದೆ. ಪಾಠ ನಡೆಸುವಷ್ಟು ಸುಧಾರಿಸಿದ.

ನಾನು ಅತಿಥಿ ಶಿಕ್ಷಕಿ. 'ಇವರು ಮಾರ್ಚಿಗೆ ಹೋಗುವವರು' ಎಂದು ಮಕ್ಕಳು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಆ ಮಾತು ಮಕ್ಕಳಿಗೆ ಸಿಬ್ಬಂದಿ ಕೋಣೆಯಿಂದ ತಲುಪಿರುತ್ತದೆ. ಖಾಯಂ ಶಿಕ್ಷಕರು ನಿಮ್ಮನ್ನು ಮಕ್ಕಳ ಎದುರು ಹೇಗೆ ಕರೆಯುತ್ತಾರೆ ಎಂಬ ಬಗ್ಗೆ ಮುಖ್ಯೋಪಾಧ್ಯಾಯರೊಡನೆ ಮಾತಾಡಿ. ಜಗಳ, ದೂರುಗಳನ್ನು ಪ್ರತಿ ಸಲ ಬೇರೆ ಶಿಕ್ಷಕರ ಬಳಿ ಒಯ್ಯಬೇಡಿ. ಒಯ್ದಷ್ಟೂ ಅಧಿಕಾರ ಅವರದಾಗುತ್ತದೆ. ಪಟ್ಟಿ ತಿದ್ದುವುದನ್ನು ಮಾತ್ರ ತಪ್ಪಿಸಬೇಡಿ. ಕೊಟ್ಟ ಮರುದಿನವೇ ತಿದ್ದಿ ಹಿಂದಿರುಗಿಸುವ ಶಿಕ್ಷಕಿ ಖಾಯಮ್ಮೋ ಅತಿಥಿಯೋ ಎಂದು ಮಕ್ಕಳು ಕೇಳುವುದಿಲ್ಲ.

ಚೆನ್ನಾಗಿ ಮಾಡಿದವರಿಗೆ ಪೆನ್ನು, ಚಾಕಲೇಟು ಕೊಡುತ್ತಿದ್ದೇನೆ. ಸರಿಯೇ?

ಸಂಬಳ ನಿಮ್ಮದು. ನನ್ನ ಅನುಭವದಲ್ಲಿ ಪೆನ್ನು ಸಿಗುವುದು ಅದೇ ಐದು ಮಕ್ಕಳಿಗೆ. 'ಶಹಬ್ಬಾಸ್' ಎಂದಷ್ಟೇ ಹೇಳುವುದೂ ಸಾಲದು. 'ನಿನ್ನೆ ಒತ್ತಕ್ಷರ ಬಿಟ್ಟಿದ್ದೆ, ಇವತ್ತು ಒಂದೂ ಬಿಟ್ಟಿಲ್ಲ' ಎಂದರೆ ಮಗುವಿಗೆ ನಾಳೆ ಏನು ಮಾಡಬೇಕೆಂದು ಗೊತ್ತಾಗುತ್ತದೆ.

## ಶಾಲೆಯ ಗೋಡೆಯ ಆಚೆ

ದೀಪಾವಳಿಯಾದ ಮೇಲೆ ತಾಂಡಾದ ಅರ್ಧ ಮಕ್ಕಳು ತಾಯಿತಂದೆಯ ಹಿಂದೆ ಕಬ್ಬಿನ ಕೆಲಸಕ್ಕೆ ಗುಳೆ ಹೋಗುತ್ತಾರೆ. ನಾನು ಏನು ಮಾಡಬಲ್ಲೆ?

ಗುಳೆ ನಿಲ್ಲಿಸುವುದು ನಿಮ್ಮ ಕೈಯಲ್ಲಿಲ್ಲ. ಮಗು ಹೋಗದಂತೆ ನೋಡುವುದು ಅಲ್ಪಸ್ವಲ್ಪ ಇದೆ, ಅದೂ ದಸರಾ ರಜೆಗೆ ಮೊದಲು. ಕಾರ್ಖಾನೆಗಳು ಕಬ್ಬು ನುರಿಸಲು ಶುರುಮಾಡಿ, ಮುಕಾದಮನ (ಕೂಲಿಯಾಳುಗಳನ್ನು ಕರೆದೊಯ್ಯುವ ಮೇಸ್ತ್ರಿಯ) ಮುಂಗಡ ಕೈಸೇರಿ, ಲಾರಿ ಹತ್ತಿದ ಮೇಲೆ ಮಾತಿಗೆ ಅರ್ಥವಿಲ್ಲ. ಸೆಪ್ಟೆಂಬರಿನಲ್ಲೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರೊಡನೆ ಮನೆಗಳಿಗೆ ಹೋಗಿ, ಅಜ್ಜಿಯ ಬಳಿ ಬಿಡಬಹುದೇ, ಹಂಗಾಮಿ ವಸತಿ ನಿಲಯದ ಸೌಲಭ್ಯ ಆ ವರ್ಷ ಇದೆಯೇ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ.

ಹೋದವರು ಸುಗ್ಗಿ ಮುಗಿಸಿ ಬಂದಾಗ 'ಐದು ತಿಂಗಳು ಎಲ್ಲಿ ಹಾಳಾಗಿದ್ದೆ?' ಎಂದು ಸ್ವಾಗತಿಸಬೇಡಿ. ಅದೇ ಜಾಗ, ಅದೇ ಪಟ್ಟಿ ಕಾಯ್ದಿರಿಸಿ. ಬೇರೆ ಊರಿನ ಶಾಲೆಗೆ ಸೇರುವವರಿಗೆ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಹಾಗೆ ಹೇಳುತ್ತದೆ. ಹೊರಡುವ ಮೊದಲೇ ಇದನ್ನು ಪಾಲಕರಿಗೆ ಹೇಳಿಡಿ.

ಮಗು 'ಯಾರಿಗೂ ಹೇಳಬೇಡಿ' ಎಂದು ನನ್ನ ಬಳಿ ಒಂದು ಗುಟ್ಟು ಹೇಳಿತು. ಹೇಳಲೇ, ಬಿಡಲೇ?

ಗುಟ್ಟಾಗಿ ಇಡುತ್ತೇನೆ ಎಂದು ಮಾತು ಕೊಡಬೇಡಿ. 'ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ' ಎನ್ನಿ. ಲೈಂಗಿಕ ದೌರ್ಜನ್ಯದ ಸಂಗತಿಯಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದೇ ಅಪರಾಧ. ಮಗುವನ್ನು ಮತ್ತೆ ಮತ್ತೆ ಪ್ರಶ್ನಿಸಬೇಡಿ, ಅದು ಹೇಳಿದ ಮಾತನ್ನು ಹೇಳಿದ ಹಾಗೇ ಬರೆದಿಡಿ. ಏಳು, ಎಂಟನೇ ತರಗತಿಯ ಹುಡುಗಿ ಮದುವೆ ಗೊತ್ತಾಗಿದೆ ಎಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹುಡುಗಿಗೆ 18, ಹುಡುಗನಿಗೆ 21 ತುಂಬದ ಮದುವೆ 2006ರ ಕಾಯ್ದೆಯಂತೆ ಬಾಲ್ಯವಿವಾಹ. ಊರಿನಲ್ಲಿ ನಿಮ್ಮ ಹೆಸರು ಕೆಡುತ್ತದೆ ಎಂಬ ಹೆದರಿಕೆ ನಿಜವಾದದ್ದು, ಅದನ್ನು ಸಣ್ಣದು ಮಾಡುವುದಿಲ್ಲ. ಮುಖ್ಯೋಪಾಧ್ಯಾಯರನ್ನೂ ಅಂಗನವಾಡಿ ಕಾರ್ಯಕರ್ತೆಯನ್ನೂ ಜತೆಗೆ ಕರೆದುಕೊಳ್ಳಿ.

ಐದು ವರ್ಷವಾಯಿತು. ತರಗತಿ ಶಾಂತವಾಗಿದೆ. ಪಾಠ ನಿಜಕ್ಕೂ ಚೆನ್ನಾಗಿದೆಯೇ ಎಂದು ಹೇಗೆ ತಿಳಿಯಲಿ?

ನಂಬಿಕೆಯ ಸಹೋದ್ಯೋಗಿಯೊಬ್ಬರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ. ಅಭಿಪ್ರಾಯ ಕೇಳಬೇಡಿ, 'ಚೆನ್ನಾಗಿತ್ತು ಮೇಡಂ' ಎಂದುಬಿಡುತ್ತಾರೆ. ಎಣಿಸಲು ಹೇಳಿ. ನನಗೆ ಸೇವೆಯ ಇಪ್ಪತ್ತನೇ ವರ್ಷದಲ್ಲಿ ಹೀಗೆ ಎಣಿಸಿಕೊಟ್ಟವರು ನಮ್ಮ ಶಾಲೆಗೆ ಹೊಸದಾಗಿ ಬಂದ ಶಿಕ್ಷಕಿ, ನನ್ನ ಮಗಳ ವಯಸ್ಸಿನವಳು. ತರಗತಿಯ ನಕಾಶೆ ಬರೆದು, ನಾನು ಪ್ರಶ್ನೆ ಕೇಳಿದ ಮಗುವಿನ ಜಾಗದಲ್ಲಿ ಒಂದೊಂದು ಗೀಟು ಎಳೆದಿದ್ದಳು. ನಲವತ್ತು ನಿಮಿಷದಲ್ಲಿ ಮೂವತ್ತೊಂದು ಪ್ರಶ್ನೆ. ಇಪ್ಪತ್ತನಾಲ್ಕು ಗೀಟು ಮೊದಲೆರಡು ಸಾಲಿನಲ್ಲಿದ್ದವು. ಕಿಟಕಿಯ ಪಕ್ಕ ಕೂರುವ ನಾಲ್ವರು ಹುಡುಗಿಯರ ಜಾಗದಲ್ಲಿ ಒಂದೂ ಇರಲಿಲ್ಲ. ಅವರು ಗದ್ದಲ ಮಾಡುವವರಲ್ಲ, ಹಾಗಾಗಿ ಅವರು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಆ ಸೋಮವಾರದಿಂದ ಪ್ರತಿ ವಾರ ಸಾಲು ಬದಲಿಸುತ್ತೇನೆ. ಹೆಸರು ಬರೆದ ಐಸ್‌ಕ್ರೀಮ್ ಕಡ್ಡಿಗಳನ್ನು ಡಬ್ಬಿಯಲ್ಲಿ ಹಾಕಿಟ್ಟು, ಎತ್ತಿದ ಕಡ್ಡಿಯ ಮಗುವನ್ನೇ ಕೇಳುತ್ತೇನೆ. ನಕಾಶೆ ಇನ್ನೂ ನನ್ನ ಪಾಠ ಯೋಜನೆಯ ಪುಸ್ತಕದಲ್ಲಿದೆ.